ಕಾಲುದಾರಿಯ ಲೆಕ್ಕ: ಮುಕ್ತ ಭೂಪಟ, ನಡಿಗೆ–ಸೈಕಲ್ ಸೌಕರ್ಯ ಮತ್ತು ರಾಯಚೂರು ಸೀಮೆಯ ಜನಪದ ಮಾರ್ಗಜ್ಞಾನ

1. ಪ್ರವೇಶ

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ನಲವತ್ತು ಅಡಿಗೂ ಮೀರಿ ಉದ್ದವಿರುವ ಒಂದೇ ಬಂಡೆಯ ಮೇಲೆ ಕ್ರಿ.ಶ. 1294ರ ಶಾಸನವಿದೆ. ಕಾಕತೀಯರ ಅಧೀನನಾಗಿದ್ದ ಗೋರೆ ಗನ್ನಯ್ಯ ರೆಡ್ಡಿಯ ಆಜ್ಞೆಯಂತೆ ವಿಠ್ಠಲನೆಂಬವನು ಕೋಟೆ ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಆ ಭಾರಿ ಬಂಡೆಯನ್ನು ಬಂಡಿಯ ಮೇಲೇರಿಸಿ ದನಗಳ ಸಾಲಿನಿಂದ ಎಳೆಸಿ ತಂದ ಬಗೆಯನ್ನೂ ಅಲ್ಲಿಯೇ ಚಿತ್ರವಾಗಿ ಬಿಡಿಸಲಾಗಿದೆ. ಕಟ್ಟಿಸಿದವನ ಹೆಸರು, ಆಜ್ಞೆ ಕೊಟ್ಟವನ ಹೆಸರು, ಶಕವರ್ಷ ಎಲ್ಲವೂ ಉಳಿದಿವೆ. ಕಲ್ಲು ಬಂದ ದಾರಿ ಮಾತ್ರ ಉಳಿದಿಲ್ಲ. ದಾರಿಗಳ ವಿಷಯದಲ್ಲಿ ನಮ್ಮ ದಾಖಲೆಗಳ ಸ್ವಭಾವವೇ ಇಂಥದು. ಸೈನ್ಯ ನಡೆದ ಹಾದಿ, ಸರಕು ಸಾಗಿದ ಹಾದಿ ಒಂದಲ್ಲ ಒಂದು ಕಡೆ ನಮೂದಾಗುತ್ತವೆ. ನೀರಿಗೆ, ಹೊಲಕ್ಕೆ, ಶಾಲೆಗೆ, ಸಂತೆಗೆ, ಜಾತ್ರೆಗೆ ಜನ ತುಳಿದ ಹಾದಿ ಅವರ ಕಾಲಿನಲ್ಲಿಯೂ ಮಾತಿನಲ್ಲಿಯೂ ಮಾತ್ರ ಉಳಿಯುತ್ತದೆ.

ಜನರೇ ಕೂಡಿ ರೂಪಿಸುವ ಮುಕ್ತ ಭೂಪಟದ ದತ್ತಾಂಶವನ್ನು ಪಾದಚಾರಿಗಳ ಹಾಗೂ ಸೈಕಲ್ ಸವಾರರ ಸೌಕರ್ಯಗಳ ಯೋಜನೆಗೆ ಹೇಗೆ ಬಳಸಬಹುದು, ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯಂಥ ಪ್ರದೇಶದಲ್ಲಿ ಆ ಬಳಕೆ ಯಾವ ಷರತ್ತುಗಳ ಮೇಲೆ ನ್ಯಾಯವೆನಿಸೀತು ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ಮೇಲುನೋಟಕ್ಕೆ ಇದು ಎಂಜಿನಿಯರರ ಮತ್ತು ನಗರಯೋಜಕರ ಕ್ಷೇತ್ರ. ಆದರೆ ದಾರಿಯನ್ನು ಬಲ್ಲವರು ಯಾರು, ಅವರ ಅರಿವನ್ನು ದಾಖಲಿಸುವ ಬಗೆ ಯಾವುದು ಎಂಬ ಪ್ರಶ್ನೆ ಎದ್ದೊಡನೆ ವಿಷಯ ಜಾನಪದ ಅಧ್ಯಯನದ ಅಂಗಳಕ್ಕೆ ಬರುತ್ತದೆ. ನಕ್ಷೆಯಲ್ಲಿ ಖಾಲಿ ಕಾಣುವ ಜಾಗ ನೆಲದ ಮೇಲೆ ಖಾಲಿಯಾಗಿರಬೇಕಿಲ್ಲ. ಆ ಖಾಲಿಯನ್ನು ತುಂಬುವ ಮೊದಲೇ ಯೋಜನೆ ಸಿದ್ಧವಾದರೆ, ಇಂದು ನಡೆಯುತ್ತಿರುವವರೇ ನಡಿಗೆಯ ಯೋಜನೆಯಿಂದ ಹೊರಗುಳಿಯುತ್ತಾರೆ. ಇದು ಈ ಲೇಖನದ ಮುಖ್ಯ ಪ್ರತಿಪಾದನೆ.

2. ಮುಕ್ತ ಭೂಪಟದ ಸ್ವರೂಪ

ಮುಕ್ತ ಭೂಪಟಗಳಲ್ಲಿ ಪ್ರಮುಖವಾದುದು ಓಪನ್‌ಸ್ಟ್ರೀಟ್‌ಮ್ಯಾಪ್. ಬ್ರಿಟನ್ನಿನಲ್ಲಿ ಸರ್ಕಾರಿ ನಕ್ಷೆಗಳ ದತ್ತಾಂಶ ಸಾಮಾನ್ಯರಿಗೆ ಎಟುಕದ ಬೆಲೆಯದಾಗಿದ್ದ ಕಾಲದಲ್ಲಿ, 2004ರಲ್ಲಿ, ಸ್ಟೀವ್ ಕೋಸ್ಟ್ ಎಂಬವರು ಇದನ್ನು ಆರಂಭಿಸಿದರು. ಯಾರು ಬೇಕಾದರೂ ತಮ್ಮ ಊರಿನ ರಸ್ತೆ, ಕೆರೆ, ಗುಡಿ, ಬಾವಿಗಳನ್ನು ಇದರಲ್ಲಿ ಸೇರಿಸಬಹುದು, ತಪ್ಪಿದ್ದರೆ ತಿದ್ದಬಹುದು, ಇಡೀ ದತ್ತಾಂಶವನ್ನು ಶುಲ್ಕವಿಲ್ಲದೆ ಪಡೆದು ಬಳಸಬಹುದು. 2012ರಿಂದ ಈ ದತ್ತಾಂಶ ‘ಓಪನ್ ಡೇಟಾಬೇಸ್ ಲೈಸೆನ್ಸ್’ ಎಂಬ ಪರವಾನಗಿಯಡಿ ದೊರೆಯುತ್ತಿದೆ. ಮೂಲವನ್ನು ಉಲ್ಲೇಖಿಸಬೇಕು, ಸುಧಾರಿಸಿದ ದತ್ತಾಂಶವನ್ನು ಹಂಚುವುದಾದರೆ ಅದೇ ಷರತ್ತಿನ ಮೇಲೆ ಹಂಚಬೇಕು ಎಂಬವು ಇದರ ಮುಖ್ಯ ನಿಯಮಗಳು. ನೋಂದಾಯಿಸಿಕೊಂಡವರ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಅವರಲ್ಲಿ ನಿಯತವಾಗಿ ದುಡಿಯುವವರು ಅದರ ಒಂದು ಸಣ್ಣ ಪಾಲು ಮಾತ್ರ.

ಈ ಭೂಪಟದ ಒಳರಚನೆ ಸರಳವಾದುದು. ಬಾವಿ, ಬಸ್ ನಿಲ್ದಾಣದಂಥವು ಬಿಂದುಗಳು. ದಾರಿ, ಹಳ್ಳ, ಕಾಲುವೆಗಳು ಬಿಂದುಗಳನ್ನು ಪೋಣಿಸಿದ ರೇಖೆಗಳು. ಹಲವು ರೇಖೆಗಳು ಕೂಡಿ ಆಗುವ ಬಸ್ ಮಾರ್ಗ, ಯಾತ್ರಾಮಾರ್ಗಗಳಂಥವು ಸಂಬಂಧಗಳು. ಪ್ರತಿಯೊಂದಕ್ಕೂ ‘ಟ್ಯಾಗ್’ ಎಂಬ ಗುರುತುಚೀಟಿಗಳನ್ನು ಅಂಟಿಸಲಾಗುತ್ತದೆ. ಕಟ್ಟಿದ ಪಾದಚಾರಿ ಮಾರ್ಗ ‘ಫುಟ್‌ವೇ’, ತುಳಿದು ಆದ ಕಾಲುದಾರಿ ‘ಪಾತ್’, ಬಂಡಿ–ಟ್ರ್ಯಾಕ್ಟರ್‌ಗಳ ಹೊಲದ ದಾರಿ ‘ಟ್ರ್ಯಾಕ್’, ಸೈಕಲ್ಲಿಗೆಂದೇ ಇರುವ ಹಾದಿ ‘ಸೈಕಲ್‌ವೇ’ ಎನಿಸುತ್ತವೆ. ದಾರಿಯ ಅಗಲ, ಮೇಲ್ಮೈ, ದೀಪದ ವ್ಯವಸ್ಥೆ, ರಸ್ತೆಯ ಯಾವ ಬದಿಗೆ ಫುಟ್‌ಪಾತ್ ಇದೆ ಎಂಬ ವಿವರ, ದಾಟುವ ಜಾಗ ಎಲ್ಲವನ್ನೂ ಬರೆಯಲು ಅವಕಾಶವಿದೆ. ಹೆಸರನ್ನು ಕನ್ನಡದಲ್ಲಿ ಪ್ರತ್ಯೇಕವಾಗಿ ನಮೂದಿಸಬಹುದು. ಹಳೆಯ ಹೆಸರು, ಸ್ಥಳೀಯರ ಬಾಯಲ್ಲಿರುವ ಹೆಸರು, ಪರ್ಯಾಯ ಹೆಸರುಗಳಿಗೂ ಬೇರೆ ಬೇರೆ ಜಾಗಗಳಿವೆ. ಸ್ಥಳನಾಮಗಳ ಅಧ್ಯಯನ ಮಾಡುವವರಿಗೆ ಇದು ಗಮನಾರ್ಹ ಸಂಗತಿ.

ಭಾರತದಲ್ಲಿ ನಕ್ಷೆ ತಯಾರಿಕೆಯ ಮೇಲೆ ದೀರ್ಘಕಾಲ ನಿರ್ಬಂಧಗಳಿದ್ದವು. 2021ರ ಫೆಬ್ರವರಿಯಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿ ಹಾಗೂ 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಇವನ್ನು ಬಹುಮಟ್ಟಿಗೆ ಸಡಿಲಿಸಿದವು. ಹೀಗಾಗಿ ಹಳ್ಳಿಯ ಶಾಲೆಯೊಂದು ತನ್ನೂರಿನ ದಾರಿಗಳನ್ನು ಗುರುತಿಸುವ ಕೆಲಸಕ್ಕೆ ಮೊದಲಿನ ಅಳುಕು ಇಂದು ಬೇಕಿಲ್ಲ.

3. ನಕ್ಷೆಯಿಂದ ಯೋಜನೆಯ ಕಡೆಗೆ

ಪಾದಚಾರಿ ಮತ್ತು ಸೈಕಲ್ ಸೌಕರ್ಯಗಳ ಯೋಜನೆಯಲ್ಲಿ ಈ ದತ್ತಾಂಶ ಮೂರು ಬಗೆಯಲ್ಲಿ ಒದಗುತ್ತದೆ. ಮೊದಲನೆಯದು ದಾರಿಗಳ ಬಲೆ. ದಾರಿ ದಾರಿಗೆ ಕೂಡುವ ಬಿಂದುಗಳು ಸರಿಯಾಗಿದ್ದರೆ ಒಂದು ಶಾಲೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ಎಷ್ಟು ಪ್ರದೇಶ ಎಟುಕುತ್ತದೆ ಎಂಬುದನ್ನು ಗಣಕಯಂತ್ರ ಲೆಕ್ಕ ಹಾಕಿ ತೋರಿಸುತ್ತದೆ. ಎರಡನೆಯದು ಸುತ್ತುದಾರಿಯ ಪ್ರಮಾಣ, ಅಂದರೆ ನೇರ ಅಂತರಕ್ಕೂ ನಿಜವಾಗಿ ನಡೆಯಬೇಕಾದ ಅಂತರಕ್ಕೂ ಇರುವ ಅನುಪಾತ. ಮೂರನೆಯದು ಕೊರತೆಯ ಪಟ್ಟಿ: ಫುಟ್‌ಪಾತ್ ಎಲ್ಲಿ ತುಂಡಾಗಿದೆ, ದೀಪವಿಲ್ಲದ ಹಾದಿ ಯಾವುದು, ನೆರಳಿಲ್ಲದ ಹಾದಿ ಯಾವುದು ಎಂಬ ವಿವರ.

ಒಂದು ಊಹೆಯ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯೂ, ದೇವದುರ್ಗ ತಾಲ್ಲೂಕಿನಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯೂ ಹರಿಯುತ್ತವೆ. ಕಾಲುವೆಯ ಒಂದು ದಂಡೆಯಲ್ಲಿ ಊರು, ಇನ್ನೊಂದು ದಂಡೆಯಲ್ಲಿ ಪ್ರೌಢಶಾಲೆ ಇದೆಯೆಂದು ಭಾವಿಸೋಣ. ನೇರ ಅಂತರ 600 ಮೀಟರ್. ಸೇತುವೆಯ ಮೇಲಿಂದ ಸುತ್ತಿ ಹೋದರೆ 2,400 ಮೀಟರ್. ಸುತ್ತುದಾರಿಯ ಪ್ರಮಾಣ ನಾಲ್ಕರಷ್ಟಾಯಿತು. ಮೋಟಾರು ವಾಹನಕ್ಕೆ ಇದು ಮೂರು ನಿಮಿಷದ ಮಾತು. ನಡೆಯುವ ಮಗುವಿಗೆ ಸುಮಾರು ಅರ್ಧ ಗಂಟೆಯ ಮಾತು. ಅಲ್ಲೊಂದು ಕಾಲುಸೇತುವೆ ಬೇಕೆಂದು ನಕ್ಷೆ ಹೇಳುತ್ತದೆ. ಆದರೆ ಊರವರು ಕಾಲುವೆಯ ತೂಬಿನ ಮೇಲಿನ ಕಟ್ಟೆಯನ್ನು ಹಿಡಿದು ಈಗಾಗಲೇ ದಾಟುತ್ತಿದ್ದರೆ, ಆ ದಾಟು ನಕ್ಷೆಯಲ್ಲಿ ಇಲ್ಲದಿದ್ದರೆ, ಸೇತುವೆಯನ್ನು ಎಲ್ಲಿ ಕಟ್ಟಬೇಕು ಎಂಬುದನ್ನು ನಕ್ಷೆ ತಪ್ಪಾಗಿ ಹೇಳುವ ಸಾಧ್ಯತೆ ಇದೆ. ದತ್ತಾಂಶದ ಕೊರತೆ ಇಲ್ಲಿ ಕೇವಲ ತಾಂತ್ರಿಕ ಕೊರತೆಯಾಗಿ ಉಳಿಯುವುದಿಲ್ಲ.

ನಗರಕ್ಕೆ ಬಂದರೆ ಪ್ರಶ್ನೆ ಬೇರೆ ರೂಪ ತಾಳುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ನಗರದ ಜನಸಂಖ್ಯೆ 2 ಲಕ್ಷ 30 ಸಾವಿರವನ್ನು ಮೀರಿತ್ತು. ಕೋಟೆಯ ಒಳ–ಹೊರ ಗೋಡೆಗಳು, ನವರಂಗ್ ದರ್ವಾಜಾ, ಕಾಟಿ ದರ್ವಾಜಾ, ಮೆಕ್ಕಾ ದರ್ವಾಜಾಗಳಂಥ ಬಾಗಿಲುಗಳು, 1513ರ ಏಕ್ ಮಿನಾರ್ ಮಸೀದಿ, ತೀನ್ ಕಂದಿಲ್‌ನ ವ್ಯಾಪಾರದ ಕೇಂದ್ರ ಇವೆಲ್ಲ ಕಾಲ್ನಡಿಗೆಯ ಅಳತೆಗೆ ಬೆಳೆದ ಹಳೆಯ ಪೇಟೆಯ ಲಕ್ಷಣಗಳು. 1871ರಲ್ಲಿ ಮುಂಬಯಿಯ ಕಡೆಯ ರೈಲು ಹಾಗೂ ಮದರಾಸಿನ ಕಡೆಯ ರೈಲು ಇಲ್ಲಿ ಸಂಧಿಸಿದ ಮೇಲೆ ಊರು ಸ್ಟೇಷನ್ನಿನ ಕಡೆಗೆ ಚಾಚಿತು. ಹಳೆಯ ಪೇಟೆಯ ಗಲ್ಲಿಗಳಲ್ಲಿ ಇಂದಿಗೂ ನಡಿಗೆಯೇ ಅನುಕೂಲ. ಹೊರಬಡಾವಣೆಗಳಿಗೆ ಹೋಗುವ ಅಗಲವಾದ ರಸ್ತೆಗಳಲ್ಲಿ ನಡೆಯುವವನಿಗೆ ಎಡೆ ಕಡಿಮೆ. ಭಾರತೀಯ ರಸ್ತೆ ಕಾಂಗ್ರೆಸ್ಸು 2012ರಲ್ಲಿ ಪರಿಷ್ಕರಿಸಿದ ಪಾದಚಾರಿ ಸೌಕರ್ಯಗಳ ಮಾರ್ಗಸೂಚಿ (ಐಆರ್‌ಸಿ 103) ವಸತಿ ಪ್ರದೇಶದಲ್ಲಿ ಅಡೆತಡೆಯಿಲ್ಲದ ನಡೆಜಾಗ ಕನಿಷ್ಠ 1.8 ಮೀಟರ್ ಇರಬೇಕೆಂದು ಹೇಳಿತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳ ಸಂಚಾರಕ್ಕಿಂತ ಜನರ ಸಂಚಾರಕ್ಕೆ ಆದ್ಯತೆ ನೀಡಬೇಕೆಂದಿತು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಪಾದಚಾರಿಗಳು ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸ್ಪಷ್ಟಪಡಿಸಿತು. ಹಕ್ಕು, ನೀತಿ, ಅಳತೆ ಮೂರೂ ಇವೆ. ಯಾವ ಬೀದಿಯಲ್ಲಿ ಎಷ್ಟು ಕೊರತೆ ಎಂಬ ಬೀದಿವಾರು ಪಟ್ಟಿ ಬೇಕು. ಅಂಥ ಪಟ್ಟಿಯನ್ನು ಅಲ್ಪ ವೆಚ್ಚದಲ್ಲಿ ತಯಾರಿಸಿ, ವರ್ಷವರ್ಷವೂ ತಿದ್ದುತ್ತ ಹೋಗಲು ಮುಕ್ತ ಭೂಪಟ ಸೂಕ್ತ ಸಾಧನ.

4. ಲೆಕ್ಕಕ್ಕೆ ಬಾರದ ನಡಿಗೆ

ಯೋಜನೆಗೆ ಆಧಾರವಾಗುವ ಅಂಕಿಅಂಶಗಳಲ್ಲಿಯೇ ನಡೆಯುವವರು ಹೇಗೆ ಮರೆಯಾಗುತ್ತಾರೆ ಎಂಬುದಕ್ಕೆ 2011ರ ಜನಗಣತಿ ಉತ್ತಮ ನಿದರ್ಶನ. ಕೆಲಸದ ಸ್ಥಳಕ್ಕೆ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂಬ ಮಾಹಿತಿಯ ಕೋಷ್ಟಕವನ್ನು ಆ ಜನಗಣತಿ ಪ್ರಕಟಿಸಿತು. ಅದರಂತೆ ದೇಶದ ಸುಮಾರು 20 ಕೋಟಿ ದುಡಿಯುವವರಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು ಮಂದಿ ನಡೆದೂ, ಸುಮಾರು ಎಂಟರಲ್ಲೊಬ್ಬರು ಸೈಕಲ್ಲಿನ ಮೇಲೂ ಕೆಲಸಕ್ಕೆ ಹೋಗುತ್ತಿದ್ದರು. ಆದರೆ ಈ ಕೋಷ್ಟಕ ‘ಇತರ ದುಡಿಮೆಗಾರರು’ ಎಂಬ ವರ್ಗಕ್ಕೆ ಮಾತ್ರ ಸಂಬಂಧಿಸಿದ್ದು. ಸಾಗುವಳಿದಾರರು, ಕೃಷಿಕಾರ್ಮಿಕರು, ಮನೆಯ ಕೈಗಾರಿಕೆಯವರು ಅದರಲ್ಲಿಲ್ಲ. ಹತ್ತಿ ಬಿಡಿಸಲು, ಭತ್ತದ ಸಸಿ ನಾಟಿ ಮಾಡಲು ಬೆಳಕು ಹರಿಯುವ ಮುನ್ನ ಹೊಲದ ಹಾದಿ ಹಿಡಿಯುವ ದೇವದುರ್ಗ–ಮಾನ್ವಿ ಸೀಮೆಯ ಹೆಣ್ಣುಮಕ್ಕಳ ನಡಿಗೆ ಆ ಲೆಕ್ಕಕ್ಕೆ ಬರಲೇ ಇಲ್ಲ. ಅತಿ ಹೆಚ್ಚು ನಡೆಯುವವರನ್ನು ಬಿಟ್ಟು ನಡಿಗೆಯ ಅಂಕಿಅಂಶ ರೂಪುಗೊಂಡಿತು.

ಕಂದಾಯ ಇಲಾಖೆಯ ಗ್ರಾಮನಕಾಶೆ ಈ ದೃಷ್ಟಿಯಿಂದ ಹೆಚ್ಚು ಉದಾರವಾದುದು. ಅದರ ಚಿಹ್ನೆಗಳ ಪಟ್ಟಿಯಲ್ಲಿ ಬಂಡಿದಾರಿಯ ಜೊತೆಗೆ ಕಾಲುದಾರಿಗೂ ಪ್ರತ್ಯೇಕ ಗುರುತಿದೆ. ‘ನಕಾಶೆ ಕಂಡ ದಾರಿ’ ಎಂಬುದು ರೈತರ ಬಾಯಲ್ಲಿಯೂ ತಹಸೀಲ್ದಾರರ ಕಚೇರಿಯಲ್ಲಿಯೂ ಒಂದೇ ತೂಕದ ಮಾತು. ನಕಾಶೆ ಕಂಡ ದಾರಿಯನ್ನು ಯಾರಾದರೂ ಉತ್ತು ಹೊಲಕ್ಕೆ ಸೇರಿಸಿಕೊಂಡರೆ ದೂರು ಕೊಡಲು ಆಧಾರವಿದೆ. ನಕಾಶೆ ಕಾಣದ ದಾರಿಯಾದರೆ ರೂಢಿಯನ್ನು ರುಜುವಾತುಪಡಿಸಬೇಕು. 1882ರ ಅನುಭೋಗ ಹಕ್ಕುಗಳ ಕಾಯ್ದೆಯಂತೆ ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕಿನಿಂದ ನಡೆದದ್ದನ್ನು ತೋರಿಸಬೇಕು. ನಡೆದವರು ಬಡವರಾಗಿದ್ದರೆ, ಹೊಲದವರು ಬಲವಂತರಾಗಿದ್ದರೆ ಆ ಸಾಕ್ಷ್ಯ ಎಷ್ಟು ಕಷ್ಟದ್ದೆಂಬುದನ್ನು ಹೇಳಬೇಕಾಗಿಲ್ಲ. ಬೇಲಿ ಬಿದ್ದ ದಿನದಿಂದ ಆ ದಾರಿಯ ಜನ ಡಾಂಬರು ರಸ್ತೆಯ ಅಂಚಿಗೆ ಬರುತ್ತಾರೆ. ಲಾರಿ, ಟಂಟಂಗಳ ಪಕ್ಕದಲ್ಲಿ ತಲೆಯ ಮೇಲೆ ಹೊರೆ ಹೊತ್ತು ನಡೆಯುತ್ತಾರೆ.

ಇದೇ ಬಗೆಯ ಆತಂಕ ಇಂಗ್ಲೆಂಡಿನಲ್ಲಿಯೂ ಎದ್ದಿತ್ತು. ಅಲ್ಲಿಯ 2000ನೇ ಇಸವಿಯ ಕಾಯ್ದೆಯೊಂದು ಹಳೆಯ ಕಾಲುದಾರಿಗಳನ್ನು ಅಧಿಕೃತ ನಕ್ಷೆಗೆ ಸೇರಿಸಲು 2026ರ ಗಡುವು ಹಾಕಿತು. ಆಗ ಪಾದಚಾರಿ ಸಂಘದ ಸ್ವಯಂಸೇವಕರು 2020ರಲ್ಲಿ ಹಳೆಯ ಮತ್ತು ಹೊಸ ನಕ್ಷೆಗಳನ್ನು ಪಕ್ಕಪಕ್ಕಕ್ಕಿಟ್ಟು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನಕ್ಷೆಯಿಂದ ತಪ್ಪಿಹೋದ ಸುಮಾರು 49,000 ಮೈಲಿ ದಾರಿಗಳನ್ನು ಗುರುತಿಸಿದರು. ಗಡುವನ್ನು ಮುಂದೆ ಸರ್ಕಾರ 2031ಕ್ಕೆ ವಿಸ್ತರಿಸಿತು. 2024ರ ಕೊನೆಯಲ್ಲಿ ಅದನ್ನು ರದ್ದುಮಾಡುವುದಾಗಿ ಪ್ರಕಟಿಸಿತು. ಆಫ್ರಿಕಾದ ನೈರೋಬಿಯಲ್ಲಿ ಕಿಬೇರಾ ಎಂಬ ದೊಡ್ಡ ಕೊಳೆಗೇರಿ ನಕ್ಷೆಗಳಲ್ಲಿ ಖಾಲಿ ಜಾಗವಾಗಿತ್ತು. 2009ರಲ್ಲಿ ಅಲ್ಲಿಯ ಯುವಕ ಯುವತಿಯರೇ ಜಿಪಿಎಸ್ ಉಪಕರಣ ಹಿಡಿದು ನಡೆದು ತಮ್ಮ ಓಣಿ, ನೀರಿನ ನಲ್ಲಿ, ಶೌಚಾಲಯಗಳನ್ನು ಮುಕ್ತ ಭೂಪಟಕ್ಕೆ ಸೇರಿಸಿದರು. ಎರಡೂ ಕಡೆ ಕೆಲಸವನ್ನು ಕೈಗೆತ್ತಿಕೊಂಡವರು ನಡೆಯುವವರೇ ಎಂಬುದು ಇಲ್ಲಿ ಮುಖ್ಯ.

ಮುಕ್ತ ಭೂಪಟವೂ ತಾನಾಗಿಯೇ ಈ ದೋಷದಿಂದ ಮುಕ್ತವಲ್ಲ. ಉಪಗ್ರಹ ಚಿತ್ರವನ್ನು ನೋಡಿ ದೂರದಲ್ಲಿ ಕುಳಿತು ಗೆರೆ ಎಳೆಯುವವರಿಗೆ ಡಾಂಬರು ರಸ್ತೆ ಸುಲಭವಾಗಿ ಕಾಣುತ್ತದೆ. ಜಾಲಿಯ ನೆರಳಿನಲ್ಲಿ ಹೋಗುವ ಕಾಲುದಾರಿ ಕಾಣುವುದಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಜಗತ್ತಿನ ವಾಹನರಸ್ತೆಗಳ ಶೇ. 80ಕ್ಕೂ ಹೆಚ್ಚು ಭಾಗ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸೇರಿದೆಯೆಂದು ಅಂದಾಜು ಮಾಡಿತು. ಆ ಅಂದಾಜು ರಸ್ತೆಗಳದು, ಕಾಲುದಾರಿಗಳದಲ್ಲ. ಗೆರೆ ಎಳೆಯುವವರಲ್ಲಿ ಬಹುಪಾಲು ಪುರುಷರೆಂಬುದನ್ನೂ ಹಲವು ಅಧ್ಯಯನಗಳು ತೋರಿಸಿವೆ. ಹೀಗಾಗಿ ‘ದತ್ತಾಂಶದಲ್ಲಿ ಇಲ್ಲ’ ಎಂಬುದನ್ನು ‘ಬೇಡಿಕೆ ಇಲ್ಲ’ ಎಂದು ಓದುವ ಅಪಾಯ ಇದ್ದೇ ಇದೆ.

5. ಜನಪದರ ಮಾರ್ಗಜ್ಞಾನ

ನಡೆಯುವವರಲ್ಲಿ ದಾರಿಯ ಬಗೆಗೆ ವ್ಯವಸ್ಥಿತವಾದ ಅರಿವಿದೆ. ಅದು ಗೆರೆಯ ರೂಪದಲ್ಲಿಲ್ಲ, ಮಾತಿನ ರೂಪದಲ್ಲಿದೆ. ಈ ಸೀಮೆಯಲ್ಲಿ ದಾರಿ ಕೇಳಿದವರಿಗೆ ದೊರೆಯುವ ಉತ್ತರದ ಮಾದರಿ ಹೀಗಿರುತ್ತದೆ: “ಹಳ್ಳ ದಾಟಿ ಬನ್ನಿಗಿಡದ ಎಡಕ್ಕ ಹೋಗ್ರಿ, ಹನುಮಪ್ಪನ ಗುಡಿ ಕಾಣ್ತದ, ಅಲ್ಲಿಂದ ಕೂಗಳತಿಗೆ ಊರು. ಮಳಿ ಆಗಿದ್ರ ಆ ಹಾದಿ ಹಿಡೀಬ್ಯಾಡ್ರಿ, ಎರಿ ಹತ್ತತದ.” ಈ ನಾಲ್ಕು ಮಾತುಗಳಲ್ಲಿ ಹೆಗ್ಗುರುತು, ದಿಕ್ಕು, ದೂರ, ಮಣ್ಣಿನ ಗುಣ, ಋತು ಐದೂ ಅಡಕವಾಗಿವೆ. ಕೆವಿನ್ ಲಿಂಚ್ 1960ರಲ್ಲಿ ನಗರವಾಸಿಗಳ ಮನಸ್ಸಿನೊಳಗಿನ ನಕ್ಷೆಯನ್ನು ವಿವರಿಸುತ್ತ ಹಾದಿ, ಅಂಚು, ವಲಯ, ಕೂಡುಸ್ಥಳ, ಹೆಗ್ಗುರುತು ಎಂಬ ಐದು ಅಂಶಗಳನ್ನು ಹೇಳಿದರು. ನಮ್ಮ ಜನಪದರ ಮಾತಿನಲ್ಲಿ ಇವುಗಳ ಜೊತೆಗೆ ಕಾಲವೂ ಸೇರಿದೆ ಎಂಬುದು ಗಮನಿಸಬೇಕಾದ ವಿಶೇಷ.

ಕಾಲದ ಮಾತು ಇಲ್ಲಿ ಅಲಂಕಾರವಲ್ಲ. ಎರೆಮಣ್ಣಿನ ಹಾದಿ ಬೇಸಿಗೆಯಲ್ಲಿ ಗಟ್ಟಿ. ಮಳೆ ಬಿದ್ದರೆ ಮಣ್ಣು ಚಪ್ಪಲಿಗೂ ಸೈಕಲ್ಲಿನ ಗಾಲಿಗೂ ಮೆತ್ತಿ ಹೆಜ್ಜೆ ಮುಂದಿಡಲು ಬಿಡುವುದಿಲ್ಲ. ಮಸಾರಿಯ ಹಾದಿ ಮಳೆಯನ್ನು ಬೇಗ ಕುಡಿಯುತ್ತದೆ. ಒಂದೇ ಊರಿಗೆ ಬೇಸಿಗೆಯ ಹಾದಿ ಬೇರೆ, ಮುಂಗಾರಿನ ಹಾದಿ ಬೇರೆ ಇರಲು ಇದು ಕಾರಣ. 2006–07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿ ಹಲವು ವರ್ಷ ನಡೆಸಿತು. ಸೈಕಲ್ ಕೊಟ್ಟದ್ದು ಸರ್ಕಾರ. ಯಾವ ಹಾದಿಯಲ್ಲಿ ಯಾವ ತಿಂಗಳು ಅದು ಉರುಳೀತು ಎಂಬುದನ್ನು ಬಲ್ಲವರು ಆ ಮಕ್ಕಳು. ಮುಕ್ತ ಭೂಪಟದಲ್ಲಿ ಮೇಲ್ಮೈಯ ಬಗೆ, ಋತುವಿನ ಮಿತಿ ಎರಡನ್ನೂ ನಮೂದಿಸಬಹುದಾದುದರಿಂದ ಈ ಅರಿವಿಗೆ ಅಲ್ಲಿ ಎಡೆಯಿದೆ. ಯಾವ ಹಾದಿಗೆ ಮೊದಲು ಮೊರಂ ಹಾಕಬೇಕು ಎಂಬ ಆದ್ಯತೆ ಇದರಿಂದಲೇ ಹೊರಡಬಲ್ಲದು.

ಯಾತ್ರೆಯ ಹಾದಿಗಳು ಇನ್ನೊಂದು ಮುಖ್ಯ ಆಕರ. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದಿಂದ ಶ್ರೀಶೈಲದ ಮಲ್ಲಿಕಾರ್ಜುನನಿಗೆ ಕಂಬಿ ಹೊತ್ತು ನಡೆಯುವ ಭಕ್ತರ ತಂಡಗಳು ಕರ್ನೂಲು ಸೀಮೆಯನ್ನು ದಾಟಿ ನಲ್ಲಮಲದ ಕಾಡುಹಾದಿಯನ್ನು ಹಿಡಿಯುತ್ತವೆ. ಮಂತ್ರಾಲಯಕ್ಕೂ, ಕೃಷ್ಣಾತೀರದ ತಿಂಥಿಣಿ ಮೌನೇಶ್ವರನ ಜಾತ್ರೆಗೂ ನಡೆದು ಹೋಗುವ ರೂಢಿಯಿದೆ. ಹರಿದಾಸ ಪರಂಪರೆಯ ವಿಜಯದಾಸರು ಚೀಕಲಪರವಿಯವರು, ಗೋಪಾಲದಾಸರು ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿಯವರು. ತಂಬೂರಿ ಹಿಡಿದು ಊರೂರು ನಡೆದ ಆ ಪರಂಪರೆ ಬೆಳೆದ ನೆಲವೇ ಇಂದಿನ ದೇವದುರ್ಗ–ಮಾನ್ವಿ ಸೀಮೆ ಎಂಬುದನ್ನು ನೆನೆಯಬೇಕು. ಯಾತ್ರಿಕರ ಹಾದಿಯಲ್ಲಿ ಎಲ್ಲಿ ನೆರಳು, ಎಲ್ಲಿ ನೀರು, ಎಲ್ಲಿ ವಸತಿ, ಎಲ್ಲಿ ಅನ್ನ ಎಂಬ ನಾಲ್ಕು ಪ್ರಶ್ನೆಗಳಿಗೆ ತಲೆಮಾರುಗಳ ಉತ್ತರ ಸಿದ್ಧವಿರುತ್ತದೆ. ಅರವಟಿಗೆ, ಕಟ್ಟೆ, ಸಾಲುಮರ, ಛತ್ರಗಳೇ ನಮ್ಮ ಪರಂಪರೆಯ ಪಾದಚಾರಿ ಸೌಕರ್ಯಗಳು. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಿಂದ ಅಶೋಕನೆಂಬ ಹೆಸರು ಖಚಿತವಾಯಿತು. ಆ ಅರಸನ ಬೇರೆಡೆಯ ಶಾಸನಗಳಲ್ಲಿ ದಾರಿಯ ಬದಿಗೆ ಆಲದ ಮರ ನೆಡಿಸಿ ಬಾವಿ ತೋಡಿಸಿದ ಮಾತು ಬರುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವ ರಾಯಚೂರಿನಲ್ಲಿ ನೆರಳಿಲ್ಲದ ಫುಟ್‌ಪಾತ್ ಅಳತೆಗೆ ಸರಿಯಿದ್ದರೂ ಬಳಕೆಗೆ ಬಾರದು. ಮರ, ಕುಡಿಯುವ ನೀರು, ಕೂಡುವ ಕಟ್ಟೆ ಇವು ಭೂಪಟದಲ್ಲಿ ಬಿಂದುಗಳಾಗಿ ಸೇರಿದಾಗ ಮಾತ್ರ ನಡಿಗೆಯ ಯೋಜನೆ ಈ ಹವೆಗೆ ತಕ್ಕುದಾಗುತ್ತದೆ.

ನಿತ್ಯದ ಹಾದಿಗಳ ಮಹತ್ವ ಇದಕ್ಕಿಂತ ಹೆಚ್ಚಿನದು. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆ ಮಹಿಳೆಯರಿಗೆ ಬಸ್ ಪ್ರಯಾಣವನ್ನು ಉಚಿತಗೊಳಿಸಿತು. ಆದರೆ ಬಸ್ಸಿನ ಪ್ರಯಾಣ ಬಸ್ ನಿಲ್ದಾಣದಲ್ಲಿ ಆರಂಭವಾಗುವುದಿಲ್ಲ. ಮನೆಯ ಹೊಸ್ತಿಲಲ್ಲಿ ಆರಂಭವಾಗುತ್ತದೆ. ಹೊಸ್ತಿಲಿನಿಂದ ಕ್ರಾಸ್‌ವರೆಗಿನ ಒಂದೆರಡು ಕಿಲೋಮೀಟರ್ ಹಾದಿ ಕತ್ತಲಲ್ಲಿದ್ದರೆ, ಕೆಸರಲ್ಲಿದ್ದರೆ, ಉಚಿತ ಪ್ರಯಾಣದ ಪ್ರಯೋಜನ ಅಷ್ಟರಮಟ್ಟಿಗೆ ಕುಗ್ಗುತ್ತದೆ.

6. ಕೆಲವು ಎಚ್ಚರಗಳು

ಜನಪದರ ಮಾರ್ಗಜ್ಞಾನವನ್ನು ಮೆಚ್ಚುವ ಭರದಲ್ಲಿ ಅದನ್ನು ನಿರ್ದೋಷಿಯೆಂದು ಭಾವಿಸಬಾರದು. ಹಳ್ಳಿಯ ಹಾದಿಗಳು ಎಲ್ಲರಿಗೂ ಸಮನಾಗಿ ತೆರೆದುಕೊಂಡವಲ್ಲ. ಕೆಲವು ಬೀದಿಗಳಲ್ಲಿ ದಲಿತರು ಚಪ್ಪಲಿ ಮೆಟ್ಟಿ ನಡೆಯುವಂತಿಲ್ಲದ ಕಾಲವಿತ್ತು. ಗುಡಿಯ ಮುಂದಿನ ಹಾದಿ ಬಿಟ್ಟು ಸುತ್ತಿ ಹೋಗಬೇಕಾದ ಕೇರಿಗಳಿದ್ದವು. ಒಬ್ಬರು ‘ಎಲ್ಲರೂ ಇಲ್ಲೇ ನಡೀತಾರ’ ಎಂದು ತೋರಿಸಿದ ಹಾದಿಯಲ್ಲಿ ಇನ್ನೊಬ್ಬರು ನಡೆಯದಿರಬಹುದು. ಆದುದರಿಂದ ಸಂಶೋಧಕರು ದಾರಿಯನ್ನು ಒಬ್ಬ ವಕ್ತೃವಿನಿಂದ ಕೇಳಿ ತೃಪ್ತರಾಗಬಾರದು. ಗೌಡರ ಅಗಸಿಯಿಂದ ಕೇಳಿದ್ದನ್ನು ಕೇರಿಯ ಕಟ್ಟೆಯಲ್ಲಿಯೂ, ಗಂಡಸರಿಂದ ಕೇಳಿದ್ದನ್ನು ನೀರಿಗೆ ಬಂದ ಹೆಂಗಸರಿಂದಲೂ ಕೇಳಬೇಕು. ಉತ್ತರಗಳು ಬೇರೆಯಾದಲ್ಲಿ ಆ ಭೇದವೇ ಯೋಜನೆಗೆ ಬೇಕಾದ ಮುಖ್ಯ ಮಾಹಿತಿ.

ಆದರೆ ಈ ಮಾಹಿತಿಯೆಲ್ಲ ಮುಕ್ತ ಭೂಪಟಕ್ಕೆ ಹೋಗತಕ್ಕದ್ದಲ್ಲ. ನೆಲದ ಮೇಲೆ ಇರುವುದನ್ನು, ಇನ್ನೊಬ್ಬರು ಹೋಗಿ ಪರೀಕ್ಷಿಸಬಹುದಾದುದನ್ನು ಮಾತ್ರ ಬರೆಯಬೇಕೆಂಬುದು ಆ ಭೂಪಟದ ಮೂಲನಿಯಮ. ಸಂಜೆಯಾದ ಮೇಲೆ ಹುಡುಗಿಯರು ಹೆದರುವ ತಿರುವು, ಜಾತಿಯ ಕಾರಣಕ್ಕೆ ತಪ್ಪಿಸಿಕೊಂಡು ಹೋಗುವ ಓಣಿ ಇವು ಗೆರೆಯಾಗಲಾರವು. ಇವನ್ನು ಕ್ಷೇತ್ರಕಾರ್ಯದ ದಿನಚರಿಯಲ್ಲಿ, ವಕ್ತೃಗಳ ಗುರುತು ಮರೆಮಾಡಿ, ಪ್ರತ್ಯೇಕವಾಗಿ ಕಾಪಾಡಿ ಯೋಜಕರ ಗಮನಕ್ಕೆ ತರಬೇಕು. ಹೆಸರುಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಬಾಯಲ್ಲಿರುವ ಹೆಸರೆಲ್ಲವೂ ಅಲ್ಲಿ ವಾಸಿಸುವವರು ಒಪ್ಪಿದ ಹೆಸರಲ್ಲ. ಹೊರಗಿನವರು ಕೇರಿಗೆ ಇಟ್ಟ ಹೆಸರನ್ನು ಒಳಗಿನವರನ್ನು ಕೇಳದೆ ಬರೆದರೆ ಅವಮಾನಕ್ಕೆ ಶಾಶ್ವತ ದಾಖಲೆ ಒದಗಿಸಿದಂತಾಗುತ್ತದೆ. ಗಬ್ಬೂರಿನಂಥ ಗುಡಿ–ಶಾಸನಗಳ ಊರುಗಳ ಸುತ್ತಲಿನ ಒಂಟಿ ಗುಡಿಗಳಿಗೆ ಹೋಗುವ ಹಾದಿಗಳನ್ನು ನಮೂದಿಸುವಾಗ ನಿಧಿಗಳ್ಳರ ಭಯವನ್ನೂ ನೆನಪಿಡಬೇಕು. ಒಮ್ಮೆ ಮುಕ್ತವಾಗಿ ಹರಡಿದ ದತ್ತಾಂಶವನ್ನು ಹಿಂದಕ್ಕೆ ಪಡೆಯಲಾಗದು.

ಇನ್ನೊಂದು ಎಚ್ಚರ ಕಾನೂನಿಗೆ ಸಂಬಂಧಿಸಿದ್ದು. ಗ್ರಾಮನಕಾಶೆಯನ್ನಾಗಲಿ, ಸರ್ವೆ ನಂಬರುಗಳನ್ನು ತೋರಿಸುವ ‘ದಿಶಾಂಕ್’ ಆ್ಯಪ್‌ನ ಪಟವನ್ನಾಗಲಿ ಅನುಮತಿಯಿಲ್ಲದೆ ನಕಲು ಮಾಡಿ ಮುಕ್ತ ಭೂಪಟಕ್ಕೆ ಸೇರಿಸುವಂತಿಲ್ಲ. ಹಳೆಯ ನಕಾಶೆ ದಾರಿಯನ್ನು ಹುಡುಕಲು ಸುಳಿವು ಕೊಡಬಹುದು. ದಾಖಲೆಯಾಗಬೇಕಾದರೆ ಯಾರಾದರೂ ಆ ದಾರಿಯನ್ನು ನಡೆಯಲೇಬೇಕು. ಹಾಗೆಯೇ ಮುಕ್ತ ಭೂಪಟದಲ್ಲಿ ಗೆರೆ ಮೂಡಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. ಯಾರು ಯಾವಾಗ ಏನು ಸೇರಿಸಿದರು ಎಂಬ ಇತಿಹಾಸ ಆ ಭೂಪಟದಲ್ಲಿ ಉಳಿಯುವುದರಿಂದ, ಇಂತಹ ಕಾಲದಲ್ಲಿ ಇಲ್ಲಿ ದಾರಿ ಇತ್ತು ಎಂಬುದಕ್ಕೆ ಅದು ಪೂರಕ ಸಾಕ್ಷ್ಯವಾಗಬಹುದು, ಅಷ್ಟೆ.

7. ಕಾರ್ಯವಿಧಾನ ಮತ್ತು ಉಪಸಂಹಾರ

ಮೇಲಿನ ವಿವೇಚನೆಯಿಂದ ರಾಯಚೂರು, ದೇವದುರ್ಗ, ಮಾನ್ವಿಗಳಿಗೆ ಅನ್ವಯಿಸುವ ಸರಳ ಕಾರ್ಯವಿಧಾನವೊಂದನ್ನು ಸೂಚಿಸಬಹುದು. ಮೊದಲು ಒಂದು ಶಾಲೆ ಅಥವಾ ಒಂದು ಸಂತೆಯನ್ನು ಕೇಂದ್ರವಾಗಿಟ್ಟುಕೊಂಡು, ಮುಕ್ತ ಭೂಪಟದಲ್ಲಿ ಈಗಿರುವುದನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಬೇಕು. ‘ಫೀಲ್ಡ್ ಪೇಪರ್ಸ್’ ಎಂಬ ವ್ಯವಸ್ಥೆ ಇಂಥ ಕೆಲಸಕ್ಕಾಗಿಯೇ ರೂಪುಗೊಂಡದ್ದು. ಮೊಬೈಲ್ ಇಲ್ಲದವರೂ ಪೆನ್ಸಿಲ್ಲಿನಿಂದ ಗುರುತು ಮಾಡಬಲ್ಲರು. ಅಕ್ಷರ ಬಾರದವರು ಬೆರಳಿಟ್ಟು ತೋರಿಸಬಲ್ಲರು. ಎರಡನೆಯದಾಗಿ, ಹಾಗೆ ಗುರುತಿಸಿದ ಹಾದಿಗಳನ್ನು ಅವುಗಳನ್ನು ಬಲ್ಲವರ ಜೊತೆಯಲ್ಲಿಯೇ ನಡೆದು ಜಿಪಿಎಸ್ ಜಾಡನ್ನು ಹಿಡಿಯಬೇಕು. ನಡೆಯುವಾಗ ಹುಟ್ಟುವ ಹೆಸರು, ಐತಿಹ್ಯ, ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕು. ಮೂರನೆಯದಾಗಿ, ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಅದೇ ಹಾದಿಯನ್ನು ಮತ್ತೆ ನಡೆಯಬೇಕು. ನಾಲ್ಕನೆಯದಾಗಿ, ಪ್ರಕಟಿಸುವ ಮುನ್ನ ಸಿದ್ಧವಾದ ನಕ್ಷೆಯನ್ನು ಊರಿನ ಎಲ್ಲ ಕೇರಿಗಳಲ್ಲಿಯೂ ಹರಡಿ ತೋರಿಸಿ, ಇರಬೇಕಾದುದು, ಇರಬಾರದುದು ಯಾವುದೆಂದು ಕೇಳಬೇಕು. ಅದಾದ ಮೇಲೆಯೇ ಅದು ಭೂಪಟಕ್ಕೂ, ಗ್ರಾಮಪಂಚಾಯಿತಿಯ ಅಥವಾ ನಗರಾಡಳಿತದ ಮೇಜಿಗೂ ಹೋಗಬೇಕು.

ಇವುಗಳಲ್ಲಿ ಯಾವುದೂ ಜಾನಪದ ವಿದ್ಯಾರ್ಥಿಗೆ ಹೊಸತಲ್ಲ. ವಕ್ತೃಗಳನ್ನು ಆರಿಸುವುದು, ಪಾಠಾಂತರಗಳನ್ನು ಹೋಲಿಸುವುದು, ಸಂದರ್ಭವನ್ನು ದಾಖಲಿಸುವುದು, ಸಂಗ್ರಹಿಸಿದ್ದನ್ನು ಜನರ ಮುಂದಿಟ್ಟು ಒಪ್ಪಿಗೆ ಪಡೆಯುವುದು ಇವು ನಮ್ಮ ಕ್ಷೇತ್ರಕಾರ್ಯದ ಮೊದಲ ಪಾಠಗಳು. ಹಾಡು, ಕಥೆ, ಗಾದೆಗಳನ್ನು ಸಂಗ್ರಹಿಸಿದ ಈ ಶಿಸ್ತು ಅವನ್ನು ಹೇಳಿದವರು ನಡೆದು ಬಂದ ದಾರಿಯನ್ನು ಸಂಗ್ರಹಿಸುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ಹಾಡು ಮರೆತುಹೋದರೆ ಒಂದು ಪಠ್ಯ ನಷ್ಟವಾಗುತ್ತದೆ. ದಾರಿ ಮರೆತುಹೋದರೆ ಒಬ್ಬ ಹುಡುಗಿಯ ಶಾಲೆ ದೂರವಾಗುತ್ತದೆ, ಒಬ್ಬ ಕೂಲಿಕಾರ್ತಿಯ ಹೊರೆ ಭಾರವಾಗುತ್ತದೆ.

ಏಳು ಶತಮಾನಗಳ ಹಿಂದೆ ರಾಯಚೂರಿನ ಬಂಡೆಯನ್ನು ಎಳೆದು ತಂದವರ ಹಾದಿಯನ್ನು ನಾವಿಂದು ಮರಳಿ ಪಡೆಯಲಾರೆವು. ಆದರೆ ಈಗ ಬದುಕಿರುವವರ ಹಾದಿಗಳನ್ನು, ಅವರನ್ನೇ ಕೇಳಿ, ಅವರೊಡನೆ ನಡೆದು ಬರೆದಿಡಲು ಸಾಧನವೂ ಇದೆ, ಅವಕಾಶವೂ ಇದೆ. ಬೇಲಿ ಬೀಳುವ ಮುನ್ನ ಆ ಕೆಲಸ ನಡೆಯಬೇಕಾಗಿದೆ.